ಶಾಲೆಯ ಕಂಪ್ಯೂಟರಿಗೆ ಆರನೇ ವರ್ಷವೂ ಇರಬೇಕು

ಮಾನ್ಯ ಸಂಪಾದಕರೇ,

ಮೂರನೇ ತರಗತಿಯಿಂದಲೇ ಮಕ್ಕಳಿಗೆ ಎಐ ಪಾಠ, ಅದೂ 2026-27ರಿಂದಲೇ ಶುರು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರಿನಲ್ಲಿ ಹೇಳಿತು. ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಎಸ್.ಪಿ. ರೋಡಿನ ಹತ್ತಿರ ಕಂಪ್ಯೂಟರ್, ಯುಪಿಎಸ್ ರಿಪೇರಿ ಮಾಡುವುದು ನನ್ನ ಕಸುಬು. ಮಗಳು ನಮ್ಮ ಬಡಾವಣೆಯ ಸರ್ಕಾರಿ ಹೈಸ್ಕೂಲಿನಲ್ಲಿ ಓದುತ್ತಾಳೆ. ಹಾಗಾಗಿ ಅಲ್ಲಿನ ಎಸ್‌ಡಿಎಂಸಿಯಲ್ಲೂ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲೂ, ಇದ್ದೇನೆ. ಆ ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ವರ್ಷದ ಬಹುಪಾಲು ದಿನ ಬೀಗ. ದಿಲ್ಲಿಯವರು ಹೇಳುವ ಗುರಿಗೂ ನಮ್ಮ ಶಾಲೆಯ ಬೀಗಕ್ಕೂ ಮಧ್ಯೆ ಜಿಲ್ಲಾ ಮಟ್ಟದಲ್ಲಿ ಒಂದು ಪ್ಲಾನ್ ಇರಬೇಕಲ್ವಾ? ಆ ಪ್ಲಾನಿನಲ್ಲಿ ಏನಿದೆ, ಏನಿಲ್ಲ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

2020ರ ಜುಲೈ 29ರಂದು ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಓದಿದ್ದೇನೆ. ಬೆಂಗಳೂರಿನಲ್ಲೇ ನೆಲೆಸಿದ್ದ ಇಸ್ರೊ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ಅವರ ಸಮಿತಿ ಅದರ ಕರಡು ಮಾಡಿತ್ತು. ತಂತ್ರಜ್ಞಾನದ ಮಾತು ಮುಖ್ಯವಾಗಿ 23 ಮತ್ತು 24ನೇ ಅಧ್ಯಾಯಗಳಲ್ಲಿ ಬರುತ್ತದೆ. ಪಾಠಗಳು ಮಕ್ಕಳ ಭಾಷೆಯಲ್ಲೇ ಇರಬೇಕು ಎನ್ನುತ್ತದೆ. ಸಾಧನ ಇಲ್ಲದ ಮಕ್ಕಳನ್ನು ಬಿಡಬಾರದು, ಅವರಿಗೆ ಟಿವಿ, ರೇಡಿಯೊ ಮೂಲಕವಾದರೂ ಪಾಠ ತಲುಪಬೇಕು ಎನ್ನುತ್ತದೆ. ಹೊಸದೇನಾದರೂ ತರುವ ಮೊದಲು ಸಣ್ಣದಾಗಿ ಮಾಡಿ ನೋಡಿ ಎನ್ನುತ್ತದೆ. ಮೇಷ್ಟ್ರಿಗೆ ತರಬೇತಿ ಬೇಕು ಎನ್ನುತ್ತದೆ. ಇನ್ನೊಂದು ಕಡೆ, ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಎಂದೂ ಇದೆ. ಮಾಧ್ಯಮಿಕ ಹಂತದಿಂದ ಕೋಡಿಂಗ್ ಚಟುವಟಿಕೆ ಎಂದೂ ಇದೆ.

ನಮ್ಮ ರಾಜ್ಯ ಈ ನೀತಿ ಬೇಡವೆಂದು 2023ರಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಬೇರೆ ಆಯೋಗ ಮಾಡಿತು. ಅದರ ವರದಿಯೂ 2025ರ ಆಗಸ್ಟಿನಲ್ಲಿ ಬಂತು. ಯಾವ ನೀತಿ ಮೇಲು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಲ್ಯಾಬಿನ ದುಡ್ಡು ಬರುವುದು ಸಮಗ್ರ ಶಿಕ್ಷಣ ಯೋಜನೆಯಿಂದ. ಅದರಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40 ಪಾಲು. ಇಬ್ಬರ ದುಡ್ಡೂ ಇರುವ ಕಡೆ ಇಬ್ಬರ ಗುರಿಯೂ ಕಾಣಬೇಕು.

ಜಿಲ್ಲೆಯ ಪ್ಲಾನ್ ಕೊಡಿ ಎಂದು ಒಂದು ಕಚೇರಿಗೆ ಹೋಗಿ ಕೇಳಿದೆ. ಅಲ್ಲಿನವರು ಮರ್ಯಾದೆಯಿಂದಲೇ ಮಾತಾಡಿಸಿದರು, ಕೂರಿಸಿದರು. ಕೊನೆಗೆ ತೋರಿಸಿದ್ದು ಒಂದು ಎಕ್ಸೆಲ್ ಶೀಟ್. ಶಾಲೆಯ ಹೆಸರು, ಕಂಪ್ಯೂಟರ್ ಎಷ್ಟು, ಪ್ರೊಜೆಕ್ಟರ್ ಇದೆಯಾ, ಇಂಟರ್‌ನೆಟ್ ಇದೆಯಾ, ಲ್ಯಾಬ್ ಇದೆಯಾ. ಯುಡೈಸ್ ಎಂಬ ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆಗೆ ಪ್ರತಿ ವರ್ಷ ತುಂಬುವ ಅಂಕಿಗಳೇ ಇವು. ಅದರಲ್ಲಿ ಮಕ್ಕಳ ಸುದ್ದಿ ಇಲ್ಲ. ಎಂಟನೇ ಕ್ಲಾಸಿನವರು ಇದರಲ್ಲಿ ಏನು ಕಲಿಯಬೇಕು, ಯಾರು ಕಲಿಸಬೇಕು, ಟೈಂಟೇಬಲ್‌ನಲ್ಲಿ ಯಾವ ಪೀರಿಯಡ್, ಯಾವ ಭಾಷೆಯಲ್ಲಿ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಒಂದೂ ಇಲ್ಲ. "ಪ್ಲಾನ್ ಅಂದ್ರೆ ಇದೇ ಸಾರ್" ಅಂದರು. ಇರುವ ಸಾಮಾನಿನ ಪಟ್ಟಿಗೆ ಪ್ಲಾನ್ ಅನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ.

ದೇಶದ ಅಂಕಿ ನೋಡಿದರೆ ಸಮಾಧಾನವಾಗಬೇಕು ನಿಜ. 2023-24ರಲ್ಲಿ ಶೇ 57.2ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್ ಸೌಲಭ್ಯ ಇತ್ತು. 2024-25ಕ್ಕೆ ಅದು ಶೇ 64.7 ಆಯಿತು. ಇಂಟರ್‌ನೆಟ್ ಶೇ 53.9ರಿಂದ 63.5ಕ್ಕೆ ಏರಿತು. ಆದರೆ ಬೀಗ ಬಿದ್ದ ಲ್ಯಾಬೂ ಇಂಥ ಪಟ್ಟಿಯಲ್ಲಿ 'ಇದೆ' ಎಂದೇ ಬರುತ್ತದೆ. ನಮ್ಮ ಶಾಲೆಯದ್ದು ಹಾಗೇ ಬಂದಿದೆ.

ಲ್ಯಾಬ್ ಯಾಕೆ ಮುಚ್ಚಿದೆ ಎಂದು ಎಚ್‌ಎಂ ಮೇಡಂ ಅವರನ್ನೇ ಕೇಳಿದೆ. "ನೋಡಿ ಸಾರ್, ಲ್ಯಾಬ್ ಹೇಳಿಕೊಡ್ತಿದ್ದ ಹುಡುಗನ ಕಾಂಟ್ರಾಕ್ಟ್ ಮುಗೀತು. ಕಂಪನಿಯವರು ಸಾಮಾನೆಲ್ಲ ಶಾಲೆಗೆ ಒಪ್ಪಿಸಿ ಹೋದ್ರು. ಈಗ ಒಂದು ಮೌಸ್ ಕಾಣೆಯಾದ್ರೂ ಸ್ಟಾಕ್ ಬುಕ್ಕಿಗೆ ನಾನೇ ಉತ್ತರ ಕೊಡಬೇಕು. ರಿಟೈರ್‌ಮೆಂಟ್ ಹತ್ತಿರ ಇದೆ, ಪೆನ್ಷನ್ ತಡೆ ಹಿಡಿದ್ರೆ ಏನ್ ಮಾಡ್ಲಿ?" ಅಂದರು. ಅವರ ಭಯದಲ್ಲಿ ತಪ್ಪೇನೂ ಇಲ್ಲ. ಅದೇ ಮೇಡಂ ದಸರಾ ರಜೆಗೆ ಮುಂಚೆ ನನ್ನ ಮಾತಿನ ಮೇಲೆ ಬೀಗ ತೆಗೆಸಿದರು. ಅದಕ್ಕೆ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಒಳಗೆ ಹೋದರೆ ಮೊದಲು ಮೂಗಿಗೆ ಬಡಿದದ್ದು ಇಲಿ ವಾಸನೆ. ಲ್ಯಾನ್ ಕೇಬಲ್ಲುಗಳನ್ನು ಇಲಿಗಳು ಅಲ್ಲಲ್ಲಿ ಕಡಿದು ತಾಮ್ರ ಹೊರಗೆ ಹಾಕಿದ್ದವು. ಯುಪಿಎಸ್ ಬ್ಯಾಟರಿಗಳು ಉಬ್ಬಿ, ಟ್ರೇಯಿಂದ ಹೊರಗೆ ಎಳೆಯಲೂ ಬರುತ್ತಿರಲಿಲ್ಲ. ಅರ್ಥಿಂಗ್ ಗುಂಡಿ ಒಣಗಿ ಕಲ್ಲಾಗಿತ್ತು. ಅದಕ್ಕೆ ನೀರು ಹಾಕಬೇಕು ಎಂದು ಯಾರಿಗೂ ಯಾರೂ ಹೇಳಿಲ್ಲ. ಅರ್ಥಿಂಗ್ ಸರಿ ಇಲ್ಲದೆ ಕೆಲವು ಸಿಪಿಯು ಡಬ್ಬ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಮೊದಲು ಮೇನ್ ಆಫ್ ಮಾಡಿಸಿ ಅದನ್ನು ಸರಿ ಮಾಡಿದೆ. ಆಮೇಲೆಯೇ ಮಕ್ಕಳನ್ನು ಒಳಗೆ ಬಿಟ್ಟದ್ದು.

ಒಂಬತ್ತನೇ ಕ್ಲಾಸಿನ ನಾಲ್ಕಾರು ಹುಡುಗಿಯರು ನನ್ನ ಜೊತೆ ಕೂತರು. ಆನ್ ಆಗುತ್ತದೆ ಆದರೆ ಪರದೆ ಮೇಲೆ ಏನೂ ಬರುವುದಿಲ್ಲ ಎಂಬ ಯಂತ್ರಗಳೇ ಜಾಸ್ತಿ ಇದ್ದವು. ಇದು ನಮ್ಮ ಕಸುಬಿನಲ್ಲಿ ದಿನಾ ನೋಡುವ ಕಾಯಿಲೆ. ಕರೆಂಟ್ ತೆಗೆದು, ಡಬ್ಬ ಬಿಚ್ಚಿ, ರ್‍ಯಾಮ್ ಪಟ್ಟಿ ಹೊರಗೆ ತೆಗೆದು, ಅದರ ಹಳದಿ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ನಿಧಾನವಾಗಿ ಉಜ್ಜಬೇಕು. ಕೂತ ಕಿಲುಬು ಹೋಗುತ್ತದೆ. ಒಬ್ಬಳು ತನ್ನ ಜಾಮಿಟ್ರಿ ಬಾಕ್ಸಿನಿಂದ ರಬ್ಬರ್ ತೆಗೆದು ಉಜ್ಜಿದಳು. ಪಟ್ಟಿಯನ್ನು ವಾಪಸ್ ಜಾಗದಲ್ಲಿ ಕೂರಿಸಿ ಎರಡೂ ಕಡೆ ಟಕ್ ಎನ್ನುವ ತನಕ ಒತ್ತಿದಳು. ಪರದೆ ಬೆಳಗಿತು. "ಬಂತು ಅಂಕಲ್!" ಎಂದು ಕೂಗಿದ ಕೂಗಿಗೆ ಪಕ್ಕದ ರೂಮಿನ ಗಣಿತ ಮೇಷ್ಟ್ರು ಎದ್ದು ಬಂದರು. ಸಂಜೆ ಒಳಗೆ ಅರ್ಧಕ್ಕಿಂತ ಹೆಚ್ಚು ಯಂತ್ರ ಓಡುತ್ತಿದ್ದವು. ಖರ್ಚು ಎಂದರೆ ಕಂಪ್ಯೂಟರಿನೊಳಗೆ ಕೂರುವ ಸಣ್ಣ ಸಿಮಾಸ್ ಸೆಲ್ಲುಗಳು ಮತ್ತು ಒಂದಿಷ್ಟು ಕೇಬಲ್.

ಆ ಯಂತ್ರಗಳು ಕೆಟ್ಟಿದ್ದವು ಅನ್ನುವುದಕ್ಕಿಂತ ಅವನ್ನು ಯಾರೂ ನೋಡಿಕೊಂಡಿರಲಿಲ್ಲ ಅನ್ನುವುದು ಸರಿ. ನೋಡಿಕೊಳ್ಳುವ ವ್ಯವಸ್ಥೆಯೇ ಪ್ಲಾನಿನಲ್ಲಿ ಇಲ್ಲ. ಸಮಗ್ರ ಶಿಕ್ಷಣದ ಲೆಕ್ಕ ನೋಡಿ. ಒಂದು ಐಸಿಟಿ ಲ್ಯಾಬಿಗೆ, ಅಂದರೆ ಶಾಲೆಯ ಕಂಪ್ಯೂಟರ್ ಲ್ಯಾಬಿಗೆ, ಒಂದು ಸಲಕ್ಕೆ 6.40 ಲಕ್ಷ ರೂಪಾಯಿವರೆಗೆ ಕೊಡುತ್ತಾರೆ. ನಂತರ ನಡೆಸಿಕೊಂಡು ಹೋಗಲು ವರ್ಷಕ್ಕೆ 2.40 ಲಕ್ಷದವರೆಗೆ, ಐದು ವರ್ಷ. ಮೊತ್ತದ ಬಗ್ಗೆ ನನ್ನ ತಕರಾರಿಲ್ಲ, ಒಳ್ಳೆಯ ದುಡ್ಡೇ. ನನ್ನ ತಕರಾರು ಆ ಐದು ವರ್ಷದ ಗೆರೆಯ ಬಗ್ಗೆ. ಆರನೇ ವರ್ಷ ಏನು? ಯುಪಿಎಸ್ಸಿನ ಸೀಲ್ಡ್ ಬ್ಯಾಟರಿ ಮೂರು ನಾಲ್ಕು ವರ್ಷಕ್ಕೇ ಕೈ ಕೊಡುತ್ತದೆ. ಅಂದರೆ ಎರಡನೇ ಸೆಟ್ ಬ್ಯಾಟರಿ ಸಾಯುವ ಹೊತ್ತಿಗೆ ಕಂಪನಿಯೂ ಇರುವುದಿಲ್ಲ, ಲ್ಯಾಬ್ ಕಲಿಸುವವರೂ ಇರುವುದಿಲ್ಲ, ದುಡ್ಡೂ ಇರುವುದಿಲ್ಲ. ಕಂಪನಿ ಹಾಕಿ, ಐದು ವರ್ಷ ನಡೆಸಿ, ಶಾಲೆಗೆ ಬಿಟ್ಟುಕೊಟ್ಟು ಹೋಗುವ ಪದ್ಧತಿ ನಮ್ಮಲ್ಲಿ ಹಳೆಯದು. ಬಿಟ್ಟುಕೊಟ್ಟದ್ದನ್ನು ಹಿಡಿದುಕೊಳ್ಳಲು ಶಾಲೆಗೆ ಜನ, ದುಡ್ಡು ಕೊಟ್ಟಿದ್ದೇವಾ ಎಂದು ಕೇಳಬೇಕಿತ್ತು, ಕೇಳಿಲ್ಲ.

ಕರ್ನಾಟಕಕ್ಕೆ ಇದು ಹೊಸ ಪಾಠವೂ ಅಲ್ಲ. 2000ದ ದಶಕದ ಶುರುವಿನಲ್ಲಿ ಹೈಸ್ಕೂಲುಗಳಲ್ಲಿ ಕಂಪ್ಯೂಟರ್ ಕಲಿಸುವ ಮಾಹಿತಿ ಸಿಂಧು ಯೋಜನೆ ಬಂತು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು. ಆಮೇಲೆ ಐಸಿಟಿ ಲ್ಯಾಬುಗಳು, ತಂತ್ರಜ್ಞಾನ ಬಳಸಿ ಕಲಿಸುವ ಟಾಲ್ಪ್ ಕಾರ್ಯಕ್ರಮ, ಈಗ ಸ್ಮಾರ್ಟ್ ಕ್ಲಾಸ್. ಪ್ರತಿ ಸಲವೂ ಉದ್ಘಾಟನೆಗೆ ಒಂದು ದಿನ ಇರುತ್ತದೆ. ಸರ್ವಿಸ್‌ಗೆ ಒಂದು ದಿನ ಇಡುವುದಿಲ್ಲ. ಒಂದು ಒಳ್ಳೆಯ ಕೆಲಸವನ್ನು ಮರೆಯದೆ ಹೇಳಬೇಕು. 2023ರ ನವೆಂಬರ್ 1ರಂದು ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಎಂದು ಮುಖ್ಯಮಂತ್ರಿ ಘೋಷಿಸಿದರು. ಲ್ಯಾಬ್ ಆನ್ ಮಾಡಿದರೆ ಬಿಲ್ ಬರುತ್ತದೆ ಎಂದು ಹೆದರುತ್ತಿದ್ದ ಶಾಲೆಗಳಿಗೆ ಅದರಿಂದ ದೊಡ್ಡ ಉಪಕಾರ ಆಗಿದೆ.

ಅಮೆರಿಕದ ವಿಷಯ ಸ್ವಲ್ಪ ಹೇಳುತ್ತೇನೆ. ಅಲ್ಲಿ ಊರೂರಿನ ಶಾಲೆಗಳಿಗೆ 'ಸ್ಕೂಲ್ ಡಿಸ್ಟ್ರಿಕ್ಟ್' ಎಂಬ ಸ್ವಂತ ಆಡಳಿತ ಇರುತ್ತದೆ. ಅಲ್ಲಿನ ಮನೆ, ಜಮೀನಿನ ತೆರಿಗೆಯಲ್ಲಿ ಅದಕ್ಕೆ ಪಾಲೂ ಇರುತ್ತದೆ. 1996ರ ಟೆಲಿಕಾಂ ಕಾಯ್ದೆ ಆದ ಮೇಲೆ ಶಾಲೆಗಳಿಗೆ ಫೋನ್, ಇಂಟರ್‌ನೆಟ್ಟನ್ನು ರಿಯಾಯಿತಿ ದರದಲ್ಲಿ ಕೊಡುವ ಇ-ರೇಟ್ ಯೋಜನೆ ಬಂತು. ಆ ರಿಯಾಯಿತಿಗೆ ಡಿಸ್ಟ್ರಿಕ್ಟಿನವರು ಟೆಕ್ನಾಲಜಿ ಪ್ಲಾನ್ ಬರೆದು ಒಪ್ಪಿಸಬೇಕಿತ್ತು. ಗುರಿ ಏನು, ಟೀಚರುಗಳಿಗೆ ತರಬೇತಿ ಹೇಗೆ, ಏನೇನು ಬೇಕು, ರಿಯಾಯಿತಿ ಸಿಗದ ಬಾಬ್ತಿಗೆ ದುಡ್ಡು ಎಲ್ಲಿಂದ, ಕೆಲಸ ಆಯಿತಾ ಇಲ್ಲವಾ ಎಂದು ನೋಡುವುದು ಹೇಗೆ, ಈ ಐದಕ್ಕೂ ಉತ್ತರ ಬರೆಯಬೇಕಿತ್ತು. 2002ರ ಜನವರಿಯಲ್ಲಿ ಸಹಿಯಾದ ಅವರ ಶಿಕ್ಷಣ ಕಾನೂನು, ಎಂಟನೇ ಕ್ಲಾಸ್ ಮುಗಿಸುವ ಪ್ರತಿ ಮಗುವಿಗೂ ತಂತ್ರಜ್ಞಾನ ಬಳಸಲು ಬರಬೇಕು ಎಂಬ ಗುರಿ ಇಟ್ಟಿತು. ಊರಿನ ಪ್ಲಾನ್ ಒಂದು ಕೈಯಲ್ಲಿ, ದೇಶದ ಗುರಿ ಇನ್ನೊಂದು ಕೈಯಲ್ಲಿ ಹಿಡಿದು ಹೋಲಿಸಲು ಆಗುತ್ತಿತ್ತು. ಇ-ರೇಟ್‌ನ ಆ ಷರತ್ತನ್ನು 2014ರಲ್ಲಿ ತೆಗೆದರು. ಕಾಗದ ಪತ್ರದ ಹೊರೆ ಕಡಿಮೆಯಾಗಿರಬಹುದು. ಆದರೂ ಆ ಐದು ಪ್ರಶ್ನೆ ನಮಗೆ ಇವತ್ತಿಗೂ ಬೇಕು.

2024ರಲ್ಲಿ ಶಾಲಾ ತಂತ್ರಜ್ಞಾನದ ಬಗ್ಗೆ ಅವರ ಹೊಸ ರಾಷ್ಟ್ರೀಯ ಪ್ಲಾನ್ ಬಂತು. ಅದು ಮೂರು ಬಗೆಯ ಅಂತರ ಇದೆ ಎನ್ನುತ್ತದೆ. ಸಾಧನ, ಇಂಟರ್‌ನೆಟ್ ಸಿಗುವುದರಲ್ಲಿ ಒಂದು. ಸಿಕ್ಕದ್ದನ್ನು ಮಕ್ಕಳು ತಲೆ ಓಡಿಸಿ ಬಳಸುತ್ತಾರಾ, ಸುಮ್ನೆ ನೋಡುತ್ತಾ ಕೂರುತ್ತಾರಾ ಎಂಬುದರಲ್ಲಿ ಇನ್ನೊಂದು. ಇದನ್ನು ಇಟ್ಟುಕೊಂಡು ಪಾಠ ಕಟ್ಟಲು ಟೀಚರಿಗೆ ಸಮಯ, ತರಬೇತಿ ಸಿಗುತ್ತದಾ ಎಂಬುದರಲ್ಲಿ ಮೂರನೆಯದು. ನಮ್ಮ ಎಕ್ಸೆಲ್ ಶೀಟ್ ನೋಡುವುದು ಮೊದಲನೆಯದನ್ನು ಮಾತ್ರ. ಎರಡನೆಯದು ನಮ್ಮಲ್ಲೂ ಎಷ್ಟು ದೊಡ್ಡದು ಎಂದು ಅಸರ್ 2024 ಸಮೀಕ್ಷೆ ಹೇಳುತ್ತದೆ. ಅದು ಹಳ್ಳಿಗಳ ಸಮೀಕ್ಷೆ. 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ 57. ಸೋಷಿಯಲ್ ಮೀಡಿಯಾಗೆ ಬಳಸಿದವರು ಶೇ 76. ಬೆಂಗಳೂರಿನ ಮಕ್ಕಳು ಇದಕ್ಕಿಂತ ಬೇರೆ ಇರುತ್ತಾರೆ ಎಂದು ನನಗಂತೂ ಅನ್ನಿಸುವುದಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತು ನೋಡಿದರೆ ಸಾಕು.

ಅಮೆರಿಕದವರಿಗೆ ದುಡ್ಡಿದೆ ಎನ್ನುವವರು ಪಕ್ಕದ ಕೇರಳ ನೋಡಲಿ. 2001ರಲ್ಲಿ ಅಲ್ಲಿ ಐಟಿ@ಸ್ಕೂಲ್ ಶುರುವಾಯಿತು. 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿಯೇ ಆಯಿತು. ಶಾಲೆಯ ಟೀಚರುಗಳಲ್ಲೇ ಒಬ್ಬರು ಐಟಿ ಜವಾಬ್ದಾರಿ ಹೊರುತ್ತಾರೆ, ಹೊರಗಿನ ಕಾಂಟ್ರಾಕ್ಟ್ ಹುಡುಗನನ್ನು ಕಾಯುವುದಿಲ್ಲ. ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬಿಟ್ಟು ಉಚಿತ ಲಿನಕ್ಸ್ ಬಳಸುತ್ತಾರೆ. 2018ರಲ್ಲಿ 'ಲಿಟಲ್ ಕೈಟ್ಸ್' ಎಂದು ಮಕ್ಕಳದ್ದೇ ಕ್ಲಬ್ ಮಾಡಿದರು. ರಬ್ಬರ್ ಹಿಡಿದು ರ್‍ಯಾಮ್ ಉಜ್ಜಿದ ನಮ್ಮ ಹುಡುಗಿಯರನ್ನು ನೋಡಿದ ಮೇಲೆ ಇಂಥದ್ದು ಇಲ್ಲಿ ಯಾಕೆ ಆಗಬಾರದು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಲಿನಕ್ಸ್ ಮಾತಿಗೆ ಈಗ ಅವಸರವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಪ್ರೊಸೆಸರ್ ಇರುವ, ಟಿಪಿಎಂ 2.0 ಚಿಪ್ ಇಲ್ಲದ ಯಂತ್ರಗಳಿಗೆ ವಿಂಡೋಸ್ 11 ಹಾಕಲು ಕಂಪನಿ ಒಪ್ಪುವುದಿಲ್ಲ. ಬೆಂಗಳೂರಿನ ಕಂಪನಿಗಳು ತಮ್ಮ ಹಳೆ ಕಂಪ್ಯೂಟರುಗಳನ್ನು ಈಗ ಶಾಲೆಗಳಿಗೆ ದಾನ ಕೊಡಲು ಶುರು ಮಾಡುತ್ತವೆ. ಕೊಡಲಿ, ಸಂತೋಷ. ಆದರೆ ಆ ಯಂತ್ರಕ್ಕೆ ಯಾವ ಸಾಫ್ಟ್‌ವೇರ್, ಯಾರು ಹಾಕುತ್ತಾರೆ, ಆಯಸ್ಸು ಮುಗಿದ ಮೇಲೆ ಇ-ವೇಸ್ಟ್‌ಗೆ ಹೇಗೆ ಹೋಗಬೇಕು ಎಂದು ಜಿಲ್ಲೆಯ ಪ್ಲಾನಿನಲ್ಲಿ ಒಂದು ಸಾಲು ಇಲ್ಲದಿದ್ದರೆ ಶಾಲೆಯ ಕೋಣೆಗಳು ಗೋಡೌನ್ ಆಗುತ್ತವೆ. ಉಬುಂಟು ಎಂಬ ಲಿನಕ್ಸ್ ಹಾಕಿದರೆ ಅದೇ ಯಂತ್ರ ಇನ್ನೂ ಕೆಲವು ವರ್ಷ ಚೆನ್ನಾಗಿ ಓಡುತ್ತದೆ. ಅಂಗಡಿಯಲ್ಲಿ ಗಿರಾಕಿಗಳಿಗೆ ನಾನು ಹೇಳುವುದೂ ಅದನ್ನೇ.

ಭಾಷೆಯ ವಿಷಯದಲ್ಲೂ ಗುರಿ ಒಂದು ಕಡೆ, ಲ್ಯಾಬ್ ಒಂದು ಕಡೆ. ಮಕ್ಕಳ ಭಾಷೆಯಲ್ಲಿ ಪಾಠ ಎಂದು ನೀತಿ ಹೇಳುತ್ತದೆ. ನಮ್ಮ ಲ್ಯಾಬಿನ ಯಂತ್ರಗಳಲ್ಲಿ ಕನ್ನಡ ಟೈಪ್ ಮಾಡುವ ವ್ಯವಸ್ಥೆಯನ್ನು ಯಾರೂ ಆನ್ ಮಾಡಿಯೇ ಇರಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇಷ್ಟು ವರ್ಷದಿಂದ ಇದೆ. ಎಫ್ ಒತ್ತಿದರೆ ಒತ್ತಕ್ಷರ ಬರುತ್ತದೆ ಎಂದು ತೋರಿಸಿದ್ದೇ ತಡ, ಮಕ್ಕಳು ತಮ್ಮ ಹೆಸರು, ಅಮ್ಮನ ಹೆಸರು, ಬೀದಿಯ ಹೆಸರು ಎಲ್ಲ ಬರೆದರು. ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವ ದೀಕ್ಷಾ ಎಂಬ ಸರ್ಕಾರಿ ಪಾಠಗಳ ತಾಣ 2017ರಿಂದ ಇದೆ. ಅದರ ಕೆಳಗಿರುವ ಸನ್‌ಬರ್ಡ್ ತಂತ್ರಾಂಶ ಹುಟ್ಟಿದ್ದು ಬೆಂಗಳೂರಿನಲ್ಲೇ, ಏಕ್‌ಸ್ಟೆಪ್ ಸಂಸ್ಥೆಯಲ್ಲಿ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಇದೇ ಊರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕೆಒಇಆರ್ ಎಂಬ ಮುಕ್ತ ಪಾಠಗಳ ತಾಣ ಮಾಡಿವೆ. ಅದರಲ್ಲಿ ಕನ್ನಡದಲ್ಲೇ ಬೇಕಾದಷ್ಟಿದೆ. ಇಷ್ಟೆಲ್ಲ ಕೈಯಳತೆಯಲ್ಲಿ ಇಟ್ಟುಕೊಂಡ ಊರು ಇದು.

ಟೀಚರುಗಳ ಬಗ್ಗೆ ಒಂದು ಮಾತು. ಆ ಗಣಿತ ಮೇಷ್ಟ್ರು ಮರುದಿನವೇ ಜಿಯೋಜೀಬ್ರಾ ಎಂಬ ಗಣಿತದ ಸಾಫ್ಟ್‌ವೇರಿನಲ್ಲಿ ವೃತ್ತದ ಸ್ಪರ್ಶಕ ತೋರಿಸಿದರು. ಬಿಂದುವನ್ನು ಮೌಸಿನಿಂದ ಎಳೆದಂತೆ ಗೆರೆ ತಿರುಗುವುದನ್ನು ಮಕ್ಕಳು ಬಾಯಿ ತೆರೆದು ನೋಡಿದರು. ಅವರಿಗೆ ತರಬೇತಿ ಹಿಂದೆಯೇ ಆಗಿತ್ತಂತೆ. ವಾಪಸ್ ಬಂದರೆ ಓಡುವ ಯಂತ್ರ ಇರಲಿಲ್ಲ, ಅಷ್ಟೇ. 50 ಗಂಟೆ ತರಬೇತಿಯ ಗುರಿಯನ್ನು ಲ್ಯಾಬಿನ ಸರ್ವಿಸ್‌ಗೆ ಜೋಡಿಸದಿದ್ದರೆ ಎರಡೂ ದಂಡ.

ಬೆಂಗಳೂರು ದಕ್ಷಿಣ, ಉತ್ತರ ಮತ್ತು ಗ್ರಾಮಾಂತರ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರಲ್ಲಿ ನನ್ನ ಮನವಿ ಇಷ್ಟು. ಜೂನ್‌ನಲ್ಲಿ ಶಾಲೆ ಪೂರ್ತಿ ಕಳೆ ಕಟ್ಟುವ ಮುಂಚೆ ಪ್ರತಿ ಜಿಲ್ಲೆಯ ತಂತ್ರಜ್ಞಾನ ಪ್ಲಾನನ್ನು ಕನ್ನಡದಲ್ಲಿ ಬರೆಸಿ ಎಲ್ಲರಿಗೂ ಕಾಣುವಂತೆ ಹಾಕಿ. ಎಡಗಡೆ ಕೇಂದ್ರ ಮತ್ತು ರಾಜ್ಯದ ಗುರಿ ಇರಲಿ, ಬಲಗಡೆ ಈ ಜಿಲ್ಲೆಯಲ್ಲಿ ಅದಕ್ಕೆ ಏನು ಮಾಡುತ್ತೇವೆ, ಯಾವ ತರಗತಿಗೆ, ಯಾರು, ಯಾವಾಗ ಎಂದಿರಲಿ. ಐದು ವರ್ಷ ಮುಗಿದ ಲ್ಯಾಬುಗಳ ಪಟ್ಟಿ ಬೇರೆಯೇ ಇರಲಿ. ಅವುಗಳ ಬ್ಯಾಟರಿ, ಅರ್ಥಿಂಗ್, ಕೇಬಲ್ಲಿಗೆ ದುಡ್ಡು ಯಾವ ಬಾಬ್ತಿನಿಂದ ಎಂದು ಬರೆಯಿರಿ. ಅಕ್ಕಪಕ್ಕದ ಶಾಲೆಗಳು ಸೇರಿದ ಒಂದು ಕ್ಲಸ್ಟರಿಗೆ ಒಬ್ಬ ಟೆಕ್ನಿಷಿಯನ್ ಕೊಟ್ಟರೂ ದೊಡ್ಡ ಕೆಲಸ ಆಗುತ್ತದೆ. ಸಾಮಾನು ಬಳಸಿ ಸವೆದರೆ ಎಚ್‌ಎಂ ತಲೆಗೆ ಬರುವುದಿಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ. ಅರ್ಧ ಬೀಗಗಳು ಅದರಿಂದಲೇ ತೆರೆಯುತ್ತವೆ.

ತಂದೆತಾಯಿಗಳಿಗೂ ಕೈಯಲ್ಲಿ ಕಾನೂನು ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಓದಿ. ಎಂಟನೇ ತರಗತಿವರೆಗೆ, ಆ ಕಾಯ್ದೆಯಡಿ ಬರುವ ಶಾಲೆಗಳಲ್ಲಿ, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಮಿತಿಯೇ ತಯಾರಿಸಬೇಕು, ಸರ್ಕಾರದ ಯೋಜನೆ ಮತ್ತು ಅನುದಾನಕ್ಕೆ ಅದೇ ಆಧಾರ ಆಗಬೇಕು ಎಂದು ಅದರಲ್ಲಿ ಇದೆ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಈ ಯೋಜನೆಯ ಕಾಗದ ತೋರಿಸಿ ಎಂದು ಕೇಳಿ. ಅದರಲ್ಲಿ ಲ್ಯಾಬ್ ಎಂಬ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ಕೂತು ಬರೆಸಿ. ಬ್ಯಾಟರಿ ಯಾವ ಅಳತೆಯದ್ದು, ಎಷ್ಟು ಬೇಕು, ಈಗಿನ ಮಾರುಕಟ್ಟೆ ದರ ಏನು ಎಂಬ ಲೆಕ್ಕ ಬೇಕಾದ ಶಾಲೆ ಯಾವುದೇ ಇರಲಿ, ಯಂತ್ರಗಳನ್ನು ನೋಡಿ ಪುಕ್ಕಟೆಯಾಗಿ ಬರೆದು ಕೊಡಲು ನಾನು ತಯಾರಿದ್ದೇನೆ. ನಮ್ಮ ರಸ್ತೆಯಲ್ಲಿ ನನ್ನಂತೆ ಒಪ್ಪುವವರು ಇನ್ನೂ ಇದ್ದಾರೆ.

ಇಂತಿ,
ಕಂಪ್ಯೂಟರ್ ರಿಪೇರಿಗಾರ ಹಾಗೂ ಎಸ್‌ಡಿಎಂಸಿ ಸದಸ್ಯ,
ಬೆಂಗಳೂರು